ಶಿವಗಂಗಮ್ಮ ನಗು ಬಿಟ್ಟ ವರ್ಷ

ಪರಮೇಶ್ವರಪ್ಪನವರು ಲಿಂಗೈಕ್ಯರಾದ ಮೇಲೆ ಅವರ ಹೆಂಡತಿ ಶಿವಗಂಗಮ್ಮ ನಗುವುದನ್ನೇ ಬಿಟ್ಟಳೆಂದು ಶ್ರೀರಾಂಪುರದ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಮಾತೇನೂ ಸುಳ್ಳಾಗಿರಲಿಲ್ಲ. ಹಿಂದೆ ಆಕೆ ಹಿತ್ತಲಲ್ಲಿ ನಕ್ಕರೆ ಬೀದಿಯ ತುದಿಯ ಮನೆಗೆ ಕೇಳಿಸುತ್ತಿತ್ತು. ಹಲ್ಲು ಕಾಣದ ಹಾಗೆ ನಗುವ ವಿದ್ಯೆ ಆಕೆಗೆ ಬಂದೇ ಇರಲಿಲ್ಲ. ಈಗ ಯಾರಾದರೂ ತಮಾಷೆಯ ಮಾತು ಎತ್ತಿದರೆ ಸಾಕು, ತುಟಿ ಬಿಗಿದುಕೊಂಡು, ಒಳಗೆ ಏನೋ ಕೆಲಸವಿದೆಯೆಂದು ಎದ್ದು ಹೋಗುತ್ತಿದ್ದಳು. ಗಂಡನ ಮೇಲೆ ಅಷ್ಟು ಪ್ರಾಣ ಇಟ್ಟಿದ್ದ ಜೀವ, ನಗು ಎಲ್ಲಿಂದ ಬರಬೇಕು ಎಂದು ಜನ ಮರುಗಿದರು. ಆಕೆಯ ಎದುರಿಗೆ ದನಿ ತಗ್ಗಿಸಿದರು. ಯಾರೂ ಏನನ್ನೂ ಕೇಳಲಿಲ್ಲ.

ಕೇಳಿದ್ದರೂ ಆಕೆ ಹೇಳುತ್ತಿರಲಿಲ್ಲ. ಗಂಡನ ನೆನಪು ಆಕೆಯನ್ನು ಸುಡುತ್ತಿದ್ದದ್ದು ನಿಜ. ಆ ಸಂಕಟ ಎಷ್ಟೆಂದು ಶಿವನೊಬ್ಬನೇ ಬಲ್ಲ. ಆದರೆ ನಗು ಬಿಟ್ಟದ್ದು ಅದಕ್ಕಲ್ಲ. ನಕ್ಕರೆ, ಕೆಮ್ಮಿದರೆ, ಸೀನಿದರೆ ಆಕೆಗೆ ಮೂತ್ರ ನಿಲ್ಲುತ್ತಿರಲಿಲ್ಲ.

ಪರಮೇಶ್ವರಪ್ಪನವರಿಗೆ ಲಕ್ವ ಹೊಡೆದು ಅವರು ಮಲಗಿದಲ್ಲೇ ಆಗಿದ್ದ ದಿನಗಳಲ್ಲಿ ಶುರುವಾದ ತೊಂದರೆ ಅದು. ಅವರು ಆಜಾನುಬಾಹು ಮನುಷ್ಯ. ಮಗ ಕೊಟ್ರೇಶ ಬಸ್ ಸ್ಟ್ಯಾಂಡಿನ ಹತ್ತಿರದ ತನ್ನ ಪೈಪಿನ ಅಂಗಡಿಗೆ ಹೋದ ಮೇಲೆ ಅವರನ್ನು ಎತ್ತಿ ಕೂರಿಸುವುದು, ಮಗ್ಗುಲು ಬದಲಿಸುವುದು, ಬಚ್ಚಲಿಗೆ ನಡೆಸುವುದು ಎಲ್ಲವೂ ಶಿವಗಂಗಮ್ಮನದೇ. ಅವರನ್ನು ಎತ್ತುವಾಗ ಕಿಬ್ಬೊಟ್ಟೆಯ ಕೆಳಗೆ ಏನೋ ಸಡಿಲವಾದಂತೆ ಆಗುತ್ತಿತ್ತು. ಇದನ್ನೆಲ್ಲ ಯೋಚಿಸುತ್ತ ಕೂರಲು ಪುರುಸೊತ್ತು ಎಲ್ಲಿತ್ತು?

ಅದು ಬಯಲಾದದ್ದು, ಅಂದರೆ ಆಕೆಗೇ ಬಯಲಾದದ್ದು, ಗಂಡನ ಶಿವಗಣಾರಾಧನೆಯ ದಿನ. ಅಯ್ಯನವರು ಬಂದು ಪೂಜೆ ಮುಗಿಸಿದ ಮೇಲೆ, ಹೆಂಗಸರು ನಡುಮನೆಯ ಚಾಪೆಯ ಮೇಲೆ ಕೂತಿದ್ದರು. ಆಗ ಬೊಮ್ಮಕ್ಕ ಬಂದಳು. ಬೊಮ್ಮಕ್ಕ ಕುರಿಗಾರ ಗುಡ್ಡಪ್ಪನ ಹೆಂಡತಿ. ಪ್ರತಿ ವರ್ಷ ರಾಗಿ ಕೊಯ್ಲು ಮುಗಿದ ಮೇಲೆ ಅವರ ಮಂದೆ ಪರಮೇಶ್ವರಪ್ಪನವರ ಹೊಲದಲ್ಲಿ ನಿಲ್ಲುತ್ತಿತ್ತು. ಕುರಿಗಳು ಅಲ್ಲೇ ಮಲಗಿದರೆ ಭೂಮಿಗೆ ಗೊಬ್ಬರ. ಅದಕ್ಕೆ ಪ್ರತಿಯಾಗಿ ಕುರಿಗಾರರಿಗೆ ಕಾಳುಕಡಿ, ಸಂಜೆಗೆ ಮುದ್ದೆ ಸಾರು. ಮುದ್ದೆ ಹೊತ್ತುಕೊಂಡು ಹೊಲಕ್ಕೆ ಹೋಗುತ್ತಿದ್ದ ಶಿವಗಂಗಮ್ಮನಿಗೂ ಕಂಬಳಿ ಹಾಸಿ ಕೂರಿಸುತ್ತಿದ್ದ ಬೊಮ್ಮಕ್ಕನಿಗೂ ಬೆಳೆದ ಗೆಳೆತನಕ್ಕೆ ಕೊಟ್ರೇಶನಷ್ಟೇ ವಯಸ್ಸು.

ಸಾವಿನ ಮನೆಯಲ್ಲೂ ಬೊಮ್ಮಕ್ಕನ ಬಾಯಿ ಸುಮ್ಮನಿರಲಿಲ್ಲ. ಗೆಳತಿಯ ಮುಖ ನೋಡಲಾರದೆ, ಹೇಗಾದರೂ ಹಗುರ ಮಾಡೋಣವೆಂದು, "ಯಜಮಾನ್ರು ಒಂದ್ಸಲ ಹೊಸ ಪಂಚೆ ಉಟ್ಕಂಡು ಮಂದೆ ಹತ್ರ ಬಂದಿದ್ರು ಕಣ್ರೇ," ಎಂದು ಶುರು ಮಾಡಿದಳು. "ನಮ್ಮ ದೊಡ್ಡ ಟಗರು ಗುದ್ದೋಕೆ ಬಂತು. ಇವ್ರು ಗಾಡಿ ಹತ್ತಿ ಕುಂತವ್ರೆ. ಟಗರು ಕೆಳಗೆ ನಿಂತೈತೆ. 'ನೋಡಪ್ಪಾ, ನಾನು ನಿಂಗೇನ್ ಮಾಡಿದೀನಿ, ನಿಧಾನವಾಗಿ ಮಾತಾಡಾಣ' ಅಂತವ್ರೆ ಅದರ ಜೊತೆ! ನಾನು ಹೋದ್ನಾ? ತಟ್ಟಂತ ಮುಖ ಮ್ಯಾಲೆ ಮಾಡಿ, 'ಬೊಮ್ಮಕ್ಕ, ಮೋಡ ನೋಡ್ತಿದ್ದೆ' ಅಂದ್ರು!"

ಅಳುತ್ತಿದ್ದವರೆಲ್ಲ ನಕ್ಕುಬಿಟ್ಟರು. ಶಿವಗಂಗಮ್ಮನೂ ನಕ್ಕಳು. ನಕ್ಕ ಮರುಗಳಿಗೆಯಲ್ಲಿ ಸೀರೆ ಒದ್ದೆಯಾಯಿತು, ಚಾಪೆಯೂ ಒದ್ದೆಯಾಯಿತು. ಆಕೆಯ ಜೀವ ಬಾಯಿಗೆ ಬಂತು. ಎದ್ದರೆ ಎಲ್ಲರಿಗೂ ಕಾಣುತ್ತದೆ. ಹಾಗೆಂದು ಏಳದೆ ಕೂತಳು. ನೆಂಟರು ಊಟಕ್ಕೆ ಕರೆದರು, ಏಳಲಿಲ್ಲ. ಹೊರಟು ನಿಂತರು, ಏಳಲಿಲ್ಲ. "ಗಂಡ ಮಲಗಿದ್ದ ಜಾಗ ಬಿಟ್ಟು ಏಳ್ತಿಲ್ಲ ನೋಡ್ರೇ, ಎಂಥಾ ಪತಿವ್ರತೆ," ಎಂದು ಕಣ್ಣೊರೆಸಿಕೊಂಡು ಹೋದರು. ಕೊನೆಯವರು ಹೊಸ್ತಿಲು ದಾಟಿದ ಮೇಲೆ ಆಕೆ ಚಾಪೆ ಸುತ್ತಿಕೊಂಡು ಹಿತ್ತಲಿಗೆ ಓಡಿದಳು.

ಅಂದಿನಿಂದ ನಗು ನಿಂತಿತು. ನೀರು ಕುಡಿಯುವುದೂ ನಿಂತಿತು ಎನ್ನಬೇಕು. ಬೆಳಗ್ಗೆ ಒಂದು ಲೋಟ, ರಾತ್ರಿ ಒಂದು ಗುಟುಕು. ಒಳಗೆ ಹೋಗದಿದ್ದರೆ ಹೊರಗೆ ಬರುವುದೆಲ್ಲಿಂದ ಎಂಬ ಲೆಕ್ಕ. ಆದರೆ ಬರುತ್ತಿತ್ತು, ಉರಿಯೂ ಜೊತೆಗೂಡಿತು. ಮಧ್ಯಾಹ್ನ ತಲೆ ಸುತ್ತುತ್ತಿತ್ತು. ಕೆಂಪು, ಹಳದಿ ಸೀರೆಗಳು ಪೆಟ್ಟಿಗೆ ಸೇರಿದವು; ಗಾಢ ಬಣ್ಣದವೇ ಮೈಮೇಲೆ. ಗಂಡ ಹೋದವಳು ಬಣ್ಣ ಬಿಟ್ಟಳು ಎಂದು ಜನ ಅದನ್ನೂ ದುಃಖದ ಲೆಕ್ಕಕ್ಕೆ ಬರೆದರು. ಸೋಮವಾರದ ಭಜನೆಗೆ ಹೋಗುವುದು ತಪ್ಪಿತು. ಎಲ್ಲಕ್ಕಿಂತ ಹೆಚ್ಚಾಗಿ ಆಕೆಯನ್ನು ಹಿಂಡಿದ್ದು ಪೂಜೆಯ ಹೊತ್ತು. ಹುಟ್ಟಿದಾಗಿನಿಂದ ಮೈಮೇಲಿರುವ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರೆ, ಶಿವನಿಗಿಂತ ಮೊದಲು ಸೀರೆಯ ನೆನಪು ಬರುತ್ತಿತ್ತು. ನಡುವೆ ಒಂದು ಕೆಮ್ಮು ಬಂದರೆ ಮತ್ತೆ ಸ್ನಾನ, ಮತ್ತೆ ಮಡಿ, ಮತ್ತೆ ಮೊದಲಿನಿಂದ ಪೂಜೆ.

ಇನ್ನು ಬೊಮ್ಮಕ್ಕ. ಊರಿನಲ್ಲಿ ಆಕೆಯನ್ನು ನಗಿಸಬಲ್ಲವರು ಬೇರೆ ಯಾರಿದ್ದರು? ಆದ್ದರಿಂದ ಶಿವಗಂಗಮ್ಮ ಬೊಮ್ಮಕ್ಕನಿಂದಲೇ ತಪ್ಪಿಸಿಕೊಂಡು ಓಡಾಡತೊಡಗಿದಳು. ದೂರದಲ್ಲಿ ಆ ಕಪ್ಪು ಕಂಬಳಿ ಕಂಡರೆ ಸಾಕು, ಬೇರೆ ಓಣಿ ಹಿಡಿಯುವಳು.

ಹೀಗೆ ವರ್ಷ ತುಂಬುತ್ತ ಬಂದು ಮತ್ತೆ ರಾಗಿ ಕೊಯ್ಲಾಯಿತು. ಒಂದು ದಿನ ಕೊಟ್ರೇಶ, "ಅವ್ವಾ, ಹೊಲ ಖಾಲಿ ಆಗೈತೆ. ಗುಡ್ಡಪ್ಪಗೆ ಹೇಳಿ ಕಳಿಸ್ಲಾ?" ಎಂದು ಕೇಳಿದ.

"ಈ ಸಲ ಅವ್ರು ಬ್ಯಾಡ. ಜವನಗೊಂಡನಹಳ್ಳಿ ಕಡೆಯೋರ ಮಂದೆ ಬಂದೈತಂತಲ್ಲ, ಅವ್ರನ್ನ ಕರಿ."

ಕೊಟ್ರೇಶನಿಗೆ ಕಿವಿಯನ್ನು ನಂಬಲಾಗಲಿಲ್ಲ. "ಗುಡ್ಡಪ್ಪನ್ನ ಬಿಟ್ಟು ಹಿರಿಯೂರು ಕಡೆ ಕುರಿನಾ? ಊರೋರು ಏನಂತಾರವ್ವ?"

"ಕುರಿ ಎಲ್ಲಿದಾದ್ರೂ ಗೊಬ್ಬರ ಒಂದೇ. ಹೇಳಿದ್ದು ಮಾಡು."

ಅಪ್ಪನ ನೆನಪು ತರುವವರನ್ನು ಕಂಡರೆ ಅವ್ವನಿಗೆ ಸಂಕಟವಾಗುತ್ತದೆ ಎಂದು ಮಗ ತಿಳಿದ. ಜವನಗೊಂಡನಹಳ್ಳಿಯವರಿಗೆ ಹೇಳಿ ಕಳಿಸಿದ.

ಹೊಲದಲ್ಲಿ ಪರವೂರಿನ ಮಂದೆ ನಿಂತ ಮಾರನೆಯ ಬೆಳಗ್ಗೆ ಬೊಮ್ಮಕ್ಕ ಮನೆಯ ಮುಂದೆ ಬಂದು ನಿಂತಳು. ಕೈಯಲ್ಲಿ ಕೋಲು, ಕಣ್ಣಲ್ಲಿ ನೀರು, ಬಾಯಲ್ಲಿ ಮಾತ್ರ ಯಾವಾಗಿನ ಬೊಮ್ಮಕ್ಕನೇ.

"ಗಂಗಕ್ಕಾ, ಹೊರಗೆ ಬರ್ರಿ! ಒಂದ್ ಮಾತು ಕೇಳಿ ಹೋಗ್ತೀನಿ. ನಮ್ಮ ಕುರಿ ಹಿಕ್ಕೆ ಕಹಿ ಆತೇನ್ರಿ ನಿಮ್ಮ ಹೊಲಕ್ಕೆ? ಜವನಗೊಂಡನಹಳ್ಳಿ ಕುರಿ ಏನು ಸಕ್ಕರೆ ಹಿಕ್ಕೆ ಹಾಕ್ತವಾ? ಹಾಕಿದ್ರೆ ಒಂದ್ ಹಿಡಿ ಕೊಡ್ರಿ, ಕಾಫಿಗೆ ಹಾಕ್ಕಂತೀನಿ!"

ಬಾಗಿಲಲ್ಲಿ ನಿಂತಿದ್ದ ಶಿವಗಂಗಮ್ಮನ ಹೊಟ್ಟೆಯೊಳಗಿಂದ ನಗು ನೊರೆಹಾಲಿನ ಹಾಗೆ ಉಕ್ಕಿತು. ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದಳು. ಭುಜ ಕುಲುಕುತ್ತಿದ್ದವು. ನೋಡಿದ ಬೊಮ್ಮಕ್ಕನ ಕೋಲು ಕೆಳಗಿಳಿಯಿತು. ಅಯ್ಯೋ, ಅಳಿಸಿಬಿಟ್ಟೆನಲ್ಲ ಎಂದುಕೊಂಡಳು.

"ಆತು ಬಿಡ್ರಿ ಗಂಗಕ್ಕ. ನನ್ನ ಮುಖ ನೋಡಿದ್ರೆ ಯಜಮಾನ್ರ ನೆನಪು ಬರ್ತೈತೆ ಅಂತ ಕಾಣ್ತೈತೆ. ಇನ್ನು ಈ ಬಾಗಿಲಿಗೆ ಬರಾಕಿಲ್ಲ," ಎಂದು ತಣ್ಣಗೆ ಹೇಳಿ ಹೊರಟುಹೋದಳು.

ಕೂಗಿ ನಿಲ್ಲಿಸಬೇಕೆಂದು ಶಿವಗಂಗಮ್ಮನಿಗೆ ಅನ್ನಿಸಿತು. ಆದರೆ ಸೀರೆ ಆಗಲೇ ಒದ್ದೆಯಾಗಿತ್ತು. ಆ ದಿನ ಆಕೆಗೆ ಅನ್ನ ಸೇರಲಿಲ್ಲ. ಗಂಡನನ್ನು ಶಿವ ಕರೆದುಕೊಂಡ. ಗೆಳತಿಯನ್ನು ನಾನೇ ಕೈಯಾರೆ ಕಳಿಸಿದೆ ಎಂದು ಅಂಗೈಯ ಲಿಂಗದ ಮುಂದೆ ಬಹಳ ಹೊತ್ತು ಕೂತಿದ್ದಳು. ಅಳುವುದಕ್ಕೂ ಹೆದರಿಕೆ. ಬಿಕ್ಕಿದರೂ ಅದೇ ಪಾಡು.

ಅದೇ ವಾರ ಸೊಸೆ ಬಿಂದುವನ್ನು ತಪಾಸಣೆಗೆ ಹೊಸದುರ್ಗಕ್ಕೆ ಕರೆದುಕೊಂಡು ಹೋಗಬೇಕಾಯಿತು. ಬಿಂದುವಿಗೆ ಆಗ ಐದು ತಿಂಗಳು. ಡಾಕ್ಟರ್ ಯಶೋದಾ ಎಂಬಾಕೆ ಬಿ.ಪಿ. ನೋಡಿ, ಹೊಟ್ಟೆ ಮುಟ್ಟಿ, ಬರೆಯುತ್ತ ಬರೆಯುತ್ತ ಕೇಳಿದರು: "ಕೆಮ್ಮಿದಾಗ, ನಕ್ಕಾಗ ಯೂರಿನ್ ಏನಾದ್ರೂ ಸ್ವಲ್ಪ ಹೋಗುತ್ತಾ?"

"ಹೂಂ ಮೇಡಂ, ಮೊನ್ನೆ ಟಿವಿ ನೋಡ್ತಾ ನಕ್ಕೆ, ಹೋಗೇಬಿಡ್ತು," ಎಂದಳು ಬಿಂದು, ಸಂತೆಯಲ್ಲಿ ಬದನೆಕಾಯಿ ಹೇಗೆ ಸಿಕ್ಕಿತು ಎಂದು ಹೇಳುವವಳ ಹಾಗೆ.

ಪಕ್ಕದ ಸ್ಟೂಲಿನ ಮೇಲಿದ್ದ ಶಿವಗಂಗಮ್ಮ ಬೆಚ್ಚಿಬಿದ್ದಳು. ಡಾಕ್ಟರಿಗೆ ಮಾತ್ರ ಏನೂ ಅನ್ನಿಸಿದಂತೆ ಕಾಣಲಿಲ್ಲ. "ಬಸುರೀಲಿ ಆಗುತ್ತೆ, ಹೆರಿಗೆ ಆದ್ಮೇಲೂ ಆಗುತ್ತೆ, ವಯಸ್ಸಾದೋರಿಗೂ ಆಗುತ್ತೆ. ಮೂತ್ರಚೀಲ, ಗರ್ಭಕೋಶ ಎಲ್ಲಾನೂ ಕೆಳಗಿಂದ ಹೊತ್ಕೊಂಡಿರೋ ಮಾಂಸಖಂಡ ಸಡಿಲ ಆಗಿರುತ್ತೆ, ಅಷ್ಟೇ. ಬಿಗಿ ಹಿಡಿದು ಬಿಡೋ ವ್ಯಾಯಾಮ ಐತೆ. ಹೋಗು, ಸಿಸ್ಟರ್ ಹೇಳ್ಕೊಡ್ತಾರೆ." ಬಿಂದು ನರ್ಸಿನ ಜೊತೆ ಪಕ್ಕದ ಕೋಣೆಗೆ ಹೋದಳು. ಡಾಕ್ಟರು ಇತ್ತ ತಿರುಗಿ, "ಅಮ್ಮ, ನಿಮಗೇನಾದ್ರೂ ತೊಂದ್ರೆ ಐತಾ?" ಎಂದರು.

ನಾಲಿಗೆಯ ತುದಿಯವರೆಗೆ ಬಂತು. "ನನಗೇನಾಗೈತೆ ತಾಯಿ, ಗುಂಡುಕಲ್ಲಿನಂಗೆ ಇದೀನಿ," ಎಂಬ ಮಾತು ಬಾಯಿಂದ ಹೊರಬಿತ್ತು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು. ಆದರೆ ಒಂದು ಸಮಾಧಾನವೂ ಇತ್ತು: ಇದು ತನಗೊಬ್ಬಳಿಗೇ ಬಂದ ಶಾಪವಲ್ಲ, ಇದಕ್ಕೊಂದು ವ್ಯಾಯಾಮವೇ ಇದೆ. ಬಿಂದುವನ್ನು ಕೇಳಿದರೆ ಏನೆಂದುಕೊಂಡಾಳು? ಕೇಳುವುದೇಕೆ, ಹಿಂದೆ ಮಠದ ಶಿಬಿರದಲ್ಲಿ ಪ್ರಾಣಾಯಾಮ ಕಲಿತವಳಲ್ಲವೆ ನಾನು? ಬಿಗಿ ಹಿಡಿಯುವುದು ಎಂದರೆ ಉಸಿರು ಬಿಗಿ ಹಿಡಿಯುವುದೇ ಇರಬೇಕು. ಹೊಟ್ಟೆಯನ್ನು ಬೆನ್ನಿಗೆ ಅಂಟಿಸಬೇಕು. ಇದಕ್ಕೆ ಪೂಜೆಯ ಹೊತ್ತಿಗಿಂತ ಒಳ್ಳೆಯ ಹೊತ್ತು ಬೇರೆ ಯಾವುದು? ಯಾರೂ ಬಂದು ಮಾತಾಡಿಸುವುದಿಲ್ಲ. ಶಿವಧ್ಯಾನವೂ ಆಯಿತು, ವ್ಯಾಯಾಮವೂ ಆಯಿತು.

ಮಾರನೆಯ ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗವನ್ನು ಅಂಗೈಯಲ್ಲಿಟ್ಟು ಕಣ್ಣು ಮುಚ್ಚಿ ಉಸಿರು ಕಟ್ಟಿದಳು. ಪಂಚಾಕ್ಷರಿಯನ್ನು ಮನಸ್ಸಿನಲ್ಲೇ ಹೇಳಿಕೊಂಡಳು. ಮೊದಲ ಸುತ್ತಿಗೆ ಕಿವಿ ಬಿಸಿಯಾಯಿತು. ಎರಡನೆಯ ಸುತ್ತಿಗೆ ಹಣೆಯ ನರ ಉಬ್ಬಿತು. ಅಷ್ಟಕ್ಕೇ ಬಿಡುವ ಹೆಂಗಸಲ್ಲ ಆಕೆ. ಕೋಣೆಯ ಬಾಗಿಲಿನಲ್ಲಿ ಬಿಂದು ಇಣುಕಿ ನೋಡಿದಾಗ ಅತ್ತೆಯ ಮುಖ ಮಾಗಿದ ಟೊಮೇಟೊ ಹಣ್ಣಿನ ಹಾಗೆ ಕೆಂಪಾಗಿತ್ತು, ವಿಭೂತಿಯ ಮೇಲೆ ಬೆವರು ಸುರಿಯುತ್ತಿತ್ತು, ಉಸಿರಾಟವಿರಲಿಲ್ಲ.

"ಅತ್ತೇ!" ಎಂದು ಬಿಂದು ಕಿರುಚಿದಳು. ಕೊಟ್ರೇಶನಿಗೆ ಫೋನು ಹಚ್ಚಿದಳು, ಅವನು ಎತ್ತಲಿಲ್ಲ. ಹೊಟ್ಟೆ ಹಿಡಿದುಕೊಂಡು ಬೀದಿಗೆ ಓಡಿದಳು. "ಯಾರಾದ್ರೂ ಬರ್ರೀ! ಅತ್ತೆಗೆ ಹಾರ್ಟ್ ಅಟ್ಯಾಕ್!"

ಬೀದಿಯಲ್ಲಿ ಆಗ ಬೊಮ್ಮಕ್ಕ ಮಂದೆ ಹೊಡೆದುಕೊಂಡು ಹೋಗುತ್ತಿದ್ದಳು. ಮನೆ ಬಂದಾಗ ಮುಖ ಆಚೆ ತಿರುಗಿಸಿಕೊಂಡಿದ್ದಳು. ಕೂಗು ಕೇಳಿದ್ದೇ ತಡ, ಶಪಥ ಕಂಬಳಿ ಎರಡೂ ಬೀದಿಯಲ್ಲೇ ಬಿದ್ದವು. ಒಳಗೆ ನುಗ್ಗಿದಳು. ಒಡತಿ ಹೋದ ಕಡೆ ಹೋಗುವುದು ಕುರಿಗಳ ಧರ್ಮ. ದೊಡ್ಡ ಟಗರು ಆಕೆಯ ಹಿಂದೆ ಹೊಸ್ತಿಲು ದಾಟಿತು, ಟಗರಿನ ಹಿಂದೆ ಅರ್ಧ ಮಂದೆ.

"ಗಂಗಕ್ಕಾ! ಎದೆ ನೋವೇನ್ರಿ? ಬಾಯಿ ಬಿಡ್ರಿ! ಉಸಿರು ಬಿಡ್ರಿ, ನಿಮ್ಮ ದಮ್ಮಯ್ಯ!" ಬೊಮ್ಮಕ್ಕ ಆಕೆಯ ಬೆನ್ನು ಗುದ್ದತೊಡಗಿದಳು.

ಶಿವಗಂಗಮ್ಮ ಉಸಿರು ಬಿಟ್ಟು ಕಣ್ಣು ತೆರೆದಳು. ಎದುರಿಗೆ ಅಳುತ್ತಿರುವ ಬೊಮ್ಮಕ್ಕ. ಅವಳ ಹೆಗಲ ಮೇಲಿನಿಂದ, ಪೂಜೆಯ ಬುಟ್ಟಿಗೆ ಮೂತಿ ಇಟ್ಟು ಬಿಲ್ವಪತ್ರೆಯನ್ನು ಒಂದೊಂದಾಗಿ ಮೇಯುತ್ತಿರುವ ಟಗರು. ಅದು ತಲೆ ಎತ್ತಿ, ಗಂಭೀರವಾಗಿ ಅಗಿಯುತ್ತ ಆಕೆಯನ್ನೇ ನೋಡಿತು.

"ಬೊಮ್ಮಕ್ಕಾ," ಎಂದಳು ಶಿವಗಂಗಮ್ಮ, "ನಿಮ್ಮ ಟಗರಿಗೂ ದೀಕ್ಷೆ ಆದಂಗೈತೆ ನೋಡು."

ಅಷ್ಟು ಹೇಳಿ ತಡೆಯಲಾಗಲಿಲ್ಲ. ಒಂದು ವರ್ಷದ ನಗು ಒಟ್ಟಿಗೆ ಬಂತು. ಬಂದ ಹಾಗೆಯೇ ಅದರ ಹಿಂದೆ ಬರುವುದೂ ಬಂತು. ಆಕೆ ಸೀರೆ ಮುದುರಿಕೊಂಡು ಗೋಡೆಗೆ ಸರಿದು, "ಹತ್ರ ಬರಬ್ಯಾಡ ಬೊಮ್ಮಕ್ಕ, ನನ್ನ ಮುಟ್ಟಬ್ಯಾಡ," ಎಂದಳು.

ಬೊಮ್ಮಕ್ಕನ ಮುಖ ಸಣ್ಣದಾಯಿತು. "ಯಾಕ್ರಿ? ಕುರಿ ವಾಸ್ನೆ ಬರ್ತೈತಾ ನನ್ನ ಮೈಯಾಗೆ?"

"ನಿನ್ನ ಮೈಯಲ್ಲ ಕಣೇ, ನನ್ನ ಮೈ!" ಶಿವಗಂಗಮ್ಮನಿಗೆ ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. "ನಕ್ಕರೆ ನನಗೆ ನೀರು ನಿಲ್ಲಲ್ಲ. ಅವ್ರ ಗಣಾರಾಧನೆ ದಿನ ನೀನು ನಗಿಸಿದ್ಯಲ್ಲ, ಅವತ್ತಿಂದ. ಅದಕ್ಕೇ ನಿನ್ನ ಕಂಡ್ರೆ ಓಡ್ತಿದ್ದೆ. ಅದಕ್ಕೇ ನಿನ್ನ ಮಂದೆ ಬ್ಯಾಡ ಅಂದೆ."

ಬಾಗಿಲಲ್ಲಿದ್ದ ಬಿಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಬೊಮ್ಮಕ್ಕ ನೆಲದ ಮೇಲೆ ಕುಕ್ಕರಿಸಿ ಕೂತಳು.

"ಇಷ್ಟಕ್ಕೇನಾ? ಇಷ್ಟಕ್ಕೆ ಆ ಜವನಗೊಂಡನಹಳ್ಳಿ ಬಡಕಲು ಕುರಿ ತಂದು ನಿಲ್ಸಿದ್ರಾ? ನಾನು ಗಂಡನ ಹತ್ರ ಗಂಗಕ್ಕಗೆ ಏನು ತಪ್ಪು ಮಾಡಿದೆ ಅಂತ ದಿನಾ ಅಳ್ತಿದ್ದೆ. ಆವಯ್ಯ ನನ್ನ ಸಮಾಧಾನ ಮಾಡೋದಕ್ಕಾಗದೆ ಹೋಗಿ ಕುರಿ ಜೊತೆ ಮಲಗ್ತಿದ್ದ!"

"ಹೆಂಗೆ ಹೇಳ್ಲಿ ಹೇಳು? ಈ ಮೈಲಿಗೆ ಮೈಯಾಗೆ ಲಿಂಗ ಮುಟ್ಟೋದಕ್ಕೇ ನನಗೆ ನಡುಕ."

"ಅಲ್ರಿ, ನಿಮ್ಮ ಲಿಂಗ ನಿಮ್ಮ ಮೈಮೇಲೇ ಇರೋದಲ್ವ? ಹೆರಿಗೆ ಆದಾಗ್ಲೂ ಕೊರಳಾಗೇ ಇತ್ತಲ್ವ? ಅದಕ್ಕೆ ಗೊತ್ತಿಲ್ದಿರೋದು ಏನೈತ್ರಿ ನಿಮ್ಮ ಮೈಯಾಗೆ? ಅದು ಬಿಟ್ಟು ಹೋಗಿಲ್ಲ, ನೀವು ಯಾಕೆ ನಾಚ್ಕಂತೀರಿ?"

ಶಿವಗಂಗಮ್ಮ ಅಂಗೈ ನೋಡಿಕೊಂಡಳು. ಇಷ್ಟು ಗದ್ದಲದಲ್ಲೂ ಲಿಂಗ ಅಲ್ಲೇ ಇತ್ತು. ಇಷ್ಟು ಸರಳವಾದ ಮಾತು ತನಗೆ ಹೊಳೆಯಲಿಲ್ಲವಲ್ಲ ಎಂದು ಆಕೆ ಅದನ್ನು ಕಣ್ಣಿಗೊತ್ತಿಕೊಂಡಳು.

ಬೊಮ್ಮಕ್ಕ ದನಿ ತಗ್ಗಿಸಿದಳು. "ನಿಮ್ಮದು ಬರೀ ನೀರು. ನಂದು ಒಳಗಿನ ಗಡ್ಡೆನೇ ಕೆಳಗಿಳಿದೈತೆ. ಕುರಿಮರಿ ಎತ್ಕಂಡ್ರೆ ಕೈಗೆ ಸಿಗ್ತೈತೆ. ಹಳೇ ಸೀರೆ ಹರಿದು ಬಿಗಿಯಾಗಿ ಕಟ್ಕಂಡು ಓಡಾಡ್ತೀನಿ. ನಮ್ಮ ಬೀರಪ್ಪನ ಆಣೆ, ಗುಡ್ಡಪ್ಪಗೂ ಹೇಳಿಲ್ಲ."

"ಊರನ್ನೆಲ್ಲ ನಗಿಸ್ಕಂಡು ತಿರುಗೋಳು, ಇದನ್ನ ಯಾವಾಗಿಂದ ಇಟ್ಕಂಡಿದೀಯೇ?"

"ನಗಿಸ್ತಿದ್ರೆ ಯಾರೂ ಏನೂ ಕೇಳಲ್ಲ ಕಣ್ರಿ ಗಂಗಕ್ಕ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಬಿಂದು ಬಂದು ಅತ್ತೆಯ ಪಕ್ಕ ಕೂತಳು. "ಅತ್ತೇ, ಆ ವ್ಯಾಯಾಮದಲ್ಲಿ ಉಸಿರೇ ಕಟ್ಟಬಾರದಂತೆ. ಹೊಟ್ಟೆ ಎಳ್ಕೊಂಡ್ರೆ ಕೆಳಗೆ ಇನ್ನೂ ಒತ್ತಡ ಬೀಳುತ್ತಂತೆ. ನೀವು ಎಲ್ಲಾನೂ ಉಲ್ಟಾ ಮಾಡಿದೀರಿ!"

ಬೊಮ್ಮಕ್ಕ ಬಿದ್ದು ಬಿದ್ದು ನಕ್ಕಳು. ಶಿವಗಂಗಮ್ಮನೂ ನಕ್ಕಳು, ಒದ್ದೆ ಸೀರೆಯಲ್ಲಿ, ಗೆಳತಿಯ ಭುಜ ಹಿಡಿದುಕೊಂಡು, ಬೀದಿಯ ತುದಿಗೆ ಕೇಳಿಸುವ ಹಾಗೆ. ನಗುತ್ತ ನಗುತ್ತ ಯಾವಾಗಲೋ ನಗು ಅಳುವಾಗಿತ್ತು. "ಹೋಗಿಬಿಟ್ರಲ್ಲೇ ಬೊಮ್ಮಕ್ಕ, ನನ್ನ ಬಿಟ್ಟು ಹೋಗಿಬಿಟ್ರಲ್ಲೇ," ಎಂದು ಆಕೆ ಬಿಕ್ಕಿ ಬಿಕ್ಕಿ ಅತ್ತಳು. ಗಂಡ ಹೋದ ಮೇಲೆ ಮೈಯ ಭಯವಿಲ್ಲದೆ ಅತ್ತದ್ದು ಅಂದೇ ಮೊದಲು. ಬೊಮ್ಮಕ್ಕ ಬೆನ್ನು ಸವರುತ್ತ ಕೂತಳು. ಬಿಂದು ಸದ್ದಿಲ್ಲದೆ ಎದ್ದು ಕುರಿಗಳನ್ನು ಹೊರಗೆ ಅಟ್ಟಿ, ಅತ್ತೆಗೆ ಬಿಸಿನೀರು ಕಾಯಿಸಲು ಹೋದಳು.

ಎರಡು ದಿನ ಬಿಟ್ಟು ಮೂವರೂ ಹೊಸದುರ್ಗದ ಬಸ್ಸು ಹತ್ತಿದರು. ಡಾಕ್ಟರ್ ಯಶೋದಾ ಶಿವಗಂಗಮ್ಮನನ್ನು ನೋಡಿ, "ಏನಮ್ಮ, ಗುಂಡುಕಲ್ಲು ಏನಂತೈತೆ?" ಎಂದರು. ಶಿವಗಂಗಮ್ಮ ತಲೆ ತಗ್ಗಿಸಿದಳು, ಆದರೆ ಎಲ್ಲವನ್ನೂ ಹೇಳಿದಳು. ಡಾಕ್ಟರು ಪರೀಕ್ಷೆ ಮಾಡಿದರು, ಮೂತ್ರ, ಸಕ್ಕರೆ ಎರಡನ್ನೂ ಪರೀಕ್ಷೆಗೆ ಕಳಿಸಿದರು. ಸಕ್ಕರೆ ಇರಲಿಲ್ಲ. ಉರಿಗೆ ಕಾರಣ ನೀರು ಕುಡಿಯದೆ ಆದ ಸೋಂಕು. "ನೀರು ಬಿಟ್ರೆ ಮೂತ್ರ ಗಟ್ಟಿಯಾಗಿ ಚೀಲಕ್ಕೆ ಇನ್ನೂ ಚುಚ್ಚುತ್ತೆ. ಬಾಯಾರಿದಾಗೆಲ್ಲ ಕುಡೀರಿ. ತುಂಬಿದ ಕೊಡ ಎತ್ತಬೇಡಿ. ವ್ಯಾಯಾಮ ಬಿಡದೆ ಮಾಡಿ. ನಾಳೆನೇ ಗುಣ ಕಾಣಲ್ಲ, ಮೂರು ತಿಂಗಳಾದ್ರೂ ಬೇಕು. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಬೇರೆ ದಾರಿ ಅವೆ."

ನರ್ಸು ಆಕೆಯನ್ನು ಮಲಗಿಸಿ, ಮೂತ್ರ ತಡೆದು ಹಿಡಿಯುವಾಗ ಬಿಗಿಯಾಗುವ ಜಾಗ ಯಾವುದೆಂದು ತೋರಿಸಿಕೊಟ್ಟಳು. ಶಿವಗಂಗಮ್ಮ ಹಿಡಿದಳು, ಹಿಡಿಯುವುದರ ಜೊತೆಗೆ ಉಸಿರೂ ತಾನಾಗಿ ಕಟ್ಟಿತು. ಮತ್ತೆ ಮಾಡಿದರೂ ಹಾಗೆಯೇ.

"ಪಂಚಾಕ್ಷರಿ ಹೇಳ್ಕಂತಾ ಮಾಡ್ಲಾ ತಾಯಿ?" ಎಂದು ಆಕೆ ಅಂಜುತ್ತ ಕೇಳಿದಳು.

"ಮಾಡ್ರಿ. ಆದ್ರೆ ಮನಸ್ಸಲ್ಲಿ ಬೇಡ, ಬಾಯಿಬಿಟ್ಟು ಜೋರಾಗಿ ಹೇಳ್ರಿ. ಬಾಯಿ ಆಡ್ತಿದ್ರೆ ಉಸಿರು ಕಟ್ಟೋಕಾಗಲ್ಲ," ಎಂದಳು ನರ್ಸು. ಒಂದು ಸಲ ನಿಧಾನವಾಗಿ 'ಓಂ ನಮಃ ಶಿವಾಯ' ಎನ್ನುವವರೆಗೆ ಬಿಗಿ, ಇನ್ನೊಂದು ಸಲ ಎನ್ನುವವರೆಗೆ ಸಡಿಲ. ಇದು ಸುಲಭವಾಗಿ ಬಂತು. ಪಕ್ಕದ ಪರದೆಯ ಆಚೆಯಿಂದ, "ನಾನು ಬೀರಪ್ಪನ ಹೆಸ್ರು ಹೇಳಿದ್ರೆ ನಡಿತೈತೇನ್ರಿ ಸಿಸ್ಟರ್?" ಎಂದು ಬೊಮ್ಮಕ್ಕ ಕೂಗಿದಳು.

ಬೊಮ್ಮಕ್ಕನ ಗರ್ಭಕೋಶ ಜಾರಿತ್ತು. ಗಾಬರಿಪಡುವಂಥದ್ದೇನಲ್ಲ, ಸದ್ಯಕ್ಕೆ ಆಪರೇಷನ್ನೂ ಬೇಡ ಎಂದು ಡಾಕ್ಟರು ಒಳಗೆ ಮೆತ್ತನೆಯ ಬಳೆಯಂಥ ಒಂದು ರಿಂಗ್ ಇಟ್ಟು ಅದನ್ನು ಮೇಲಕ್ಕೆ ನಿಲ್ಲಿಸಿದರು. ಹೇಳಿದ ದಿನಕ್ಕೆ ಬಂದು ತೋರಿಸಬೇಕೆಂದು ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು. ವಾಪಸು ಬಸ್ಸಿನಲ್ಲಿ ಬೊಮ್ಮಕ್ಕ ಕಿಟಕಿಯ ಪಕ್ಕ ರಾಣಿಯ ಹಾಗೆ ಕೂತಿದ್ದಳು. "ಮದುವೇಲಿ ಉಂಗುರ ಹಾಕ್ತೀನಿ ಅಂದ ನಮ್ಮ ಗುಡ್ಡಪ್ಪ ಇವತ್ತಿಗೂ ಹಾಕಲಿಲ್ಲ. ಪಾಪ, ಆ ಡಾಕ್ಟ್ರಮ್ಮ ಹಾಕಿ ಕಳಿಸಿದ್ರು ನೋಡ್ರಿ!" ಎಂದಳು. ಶಿವಗಂಗಮ್ಮ ಎರಡೂ ಕೈಯಲ್ಲಿ ಮುಂದಿನ ಸೀಟು ಹಿಡಿದುಕೊಂಡು, "ಲೇ, ಇನ್ನೂ ಮೂರು ತಿಂಗಳು ಟೈಮ್ ಕೊಡೇ!" ಎಂದು ಗೋಗರೆದಳು.

ಜವನಗೊಂಡನಹಳ್ಳಿಯವರ ಮಂದೆ ಮಾತಿನಂತೆ ತನ್ನ ವಾಯಿದೆ ಮುಗಿಸಿ, ಕಾಳು ತೆಗೆದುಕೊಂಡು ಹೊರಟಿತು. ಮರುದಿನವೇ ಗುಡ್ಡಪ್ಪನ ಮಂದೆ ಶಿವಗಂಗಮ್ಮನ ತೆಂಗಿನ ತೋಟದಲ್ಲಿ ನಿಂತಿತು. ಸಂಜೆ ಮುದ್ದೆ ಸಾರು ಬಂತು, ಈಗ ಕೊಟ್ರೇಶನ ಬೈಕಿನ ಮೇಲೆ. ಅವ್ವ ಭಾರ ಎತ್ತಕೂಡದೆಂದು ಬಿಂದು ಅವನಿಗೆ ತಾಕೀತು ಮಾಡಿದ್ದಳು. ಊಟವಾದ ಮೇಲೆ ಇಬ್ಬರು ಹೆಂಗಸರೂ ಕಂಬಳಿಯ ಮೇಲೆ ಮಲಗಿ, ಒಬ್ಬಳು ಶಿವನನ್ನೂ ಇನ್ನೊಬ್ಬಳು ಬೀರಪ್ಪನನ್ನೂ ಗಟ್ಟಿಯಾಗಿ ಕರೆಯುತ್ತಿದ್ದರು. ಈ ಹೊಸ ಭಜನೆ ಯಾವುದೆಂದು ಗುಡ್ಡಪ್ಪನಿಗೆ ತಿಳಿಯಲಿಲ್ಲ. ಆದರೂ ದೇವರ ಹೆಸರು ಕೇಳಿ ದೂರದಿಂದಲೇ ಕೈ ಮುಗಿಯುತ್ತಿದ್ದ.

ಗುಣ ಒಮ್ಮೆಗೇ ಬರಲಿಲ್ಲ. ಮೊದಲು ಸೀನು ಹಿಡಿತಕ್ಕೆ ಬಂತು, ಬಹಳ ದಿನದ ಮೇಲೆ ಕೆಮ್ಮು. ಒಂದೆರಡು ಸಲ ಶಿವಗಂಗಮ್ಮ ಬೇಸತ್ತು ಬಿಟ್ಟೂಬಿಟ್ಟಳು. ಬಿಂದು ಗದರಿಸಿ ಮತ್ತೆ ಮಲಗಿಸಿದಳು. ನಗು ಮಾತ್ರ ಪರೀಕ್ಷೆಗೆ ನಿಂತಿರಲಿಲ್ಲ. ನಾಲ್ಕು ಜನರ ನಡುವೆ, ಏಳಲು ನೆಪವಿಲ್ಲದ ಕಡೆ ಕೂತು ನಗಬಲ್ಲೆನೆ ಎಂಬ ಅಳುಕು ಹಾಗೆಯೇ ಉಳಿದಿತ್ತು.

ಒಂಬತ್ತು ತಿಂಗಳಿಗೆ ಬಿಂದುವಿಗೆ ಸೀಮಂತದ ಕುಬುಸ. ಗಂಡ ಹೋದವಳು ಇಂಥ ಶುಭದಲ್ಲಿ ಹಿಂದೆ ನಿಲ್ಲಬೇಕೆಂಬ ನೇಮ ಆ ಮನೆತನದಲ್ಲಿ ಮೊದಲಿನಿಂದಲೂ ಇರಲಿಲ್ಲ. ಶಿವಗಂಗಮ್ಮ ಪೆಟ್ಟಿಗೆಯಿಂದ ಹಳದಿ ಸೀರೆ ತೆಗೆದು ಉಟ್ಟು, ಸೊಸೆಯ ಪಕ್ಕದಲ್ಲಿ, ಚಾಪೆಯ ನಟ್ಟನಡುವೆ ಕೂತಳು. ಸೀರೆಯ ಬಣ್ಣ ನೋಡಿ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಸಿರು ಬಳೆ, ಉಡಿ, ಆರತಿ ಮುಗಿದ ಮೇಲೆ ಗಂಡನ ಹೆಸರನ್ನು ಒಡಪಿನಲ್ಲಿ ಹೇಳಬೇಕೆಂದು ಬಿಂದುವನ್ನು ಹಿಡಿದರು. ಅವಳು ನಾಚುತ್ತ, "ಹೊಸದುರ್ಗದ ಬಸ್ಸು ಹತ್ತವ್ರೆ ಸರಸರ, ಕೊಟ್ರೇಶಪ್ಪ ಮನೆಗೆ ಬಂದ್ರೆ ನನಗೆ ಸಡಗರ," ಎಂದಳು. ಎಲ್ಲರೂ ಹೋ ಎಂದರು. ಬೊಮ್ಮಕ್ಕನನ್ನು ಯಾರೂ ಕೇಳಿರಲಿಲ್ಲ. ಅವಳೇ ಎದ್ದು ನಿಂತು ಸೊಂಟಕ್ಕೆ ಕೈ ಇಟ್ಟಳು.

"ಮಂದೇಲಿ ಅವೆ ಕೋಡಿರೋ ಕುರಿ, ನಮ್ಮನೇಲಿ ಗುಡ್ಡಪ್ಪ ಕೋಡಿಲ್ಲದ ಮರಿ! ಮೇಯಾಕೆ ಬಿಟ್ರೆ ಬೆಟ್ಟಕ್ಕೆ ಹೋದೀತು, ಮುದ್ದೆ ವಾಸ್ನೆಗೆ ಮನೆಗೆ ಬಂದೀತು!"

ಶಿವಗಂಗಮ್ಮ ನಕ್ಕಳು. ತಡೆಯಲು ನೋಡಲಿಲ್ಲ. ನರ್ಸು ತೋರಿಸಿದ ಜಾಗವನ್ನು ಬಿಗಿ ಹಿಡಿದಳು, ಬಾಯಿಯನ್ನು ಬಿಟ್ಟುಕೊಟ್ಟಳು. ಬೀದಿಯ ತುದಿಗೆ ಕೇಳಿಸುವ ನಗು. ಉಳಿದವರೆಲ್ಲ ಗಕ್ಕನೆ ಸುಮ್ಮನಾಗಿ ಆಕೆಯನ್ನೇ ನೋಡಿದರು. ಆಕೆ ಒಂದು ಗಳಿಗೆ ತನ್ನ ಮೈಯನ್ನು ತಾನೇ ಕೇಳಿಕೊಂಡಳು. ಸೀರೆ ಒಣಗಿಯೇ ಇತ್ತು.

"ಯಾಕ್ರೇ, ಹಂಗೆ ನೋಡ್ತೀರಿ? ನಗಬಾರದೇನು?" ಎಂದಳು.

"ಅಯ್ಯೋ ನಗ್ರಿ ಗಂಗಮ್ಮ, ಅದಕ್ಕೇ ಕಾದಿದ್ವಿ," ಎಂದು ಎದುರುಮನೆಯ ರೇಣುಕಮ್ಮ ಕಣ್ಣೊರೆಸಿಕೊಂಡಳು. "ಯಜಮಾನ್ರ ದುಃಖದಾಗೆ ನಗೋದೇ ಮರೆತ್ರಿ ಅಂದ್ಕಂಡಿದ್ವಿ."

ಸುಮ್ಮನೆ ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಸತ್ತ ಗಂಡನ ಹೆಸರಿನ ಹಿಂದೆ ಇನ್ನೂ ಅಡಗಿ ಕೂರುವುದು ಶಿವಗಂಗಮ್ಮನಿಗೆ ಸರಿ ಕಾಣಲಿಲ್ಲ. "ದುಃಖ ಐತೆ ರೇಣುಕಮ್ಮ, ನಾನಿರೋವರ್ಗೂ ಇರ್ತೈತೆ. ಆದ್ರೆ ನಗು ಬಿಟ್ಟಿದ್ದು ಅದಕ್ಕಲ್ಲ," ಎಂದು ಶುರು ಮಾಡಿ, ಚಾಪೆ ಸುತ್ತಿಕೊಂಡು ಓಡಿದ್ದರಿಂದ ಹಿಡಿದು ಹೊಸದುರ್ಗದ ಡಾಕ್ಟರವರೆಗೆ ಎಲ್ಲವನ್ನೂ ಹೇಳಿಬಿಟ್ಟಳು. ನಡುನಡುವೆ ಬೊಮ್ಮಕ್ಕ ಅದಕ್ಕೆ ಬಾಲ ಸೇರಿಸುತ್ತಿದ್ದಳು. ಮೊದಲು ಸೆರಗಿನ ಮರೆಯಲ್ಲಿ ಕಿಸಕ್ಕೆಂದವರು ಕೊನೆಗೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆ ನಗೆಯ ಮಧ್ಯೆ ರೇಣುಕಮ್ಮ ಇದ್ದಕ್ಕಿದ್ದಂತೆ ನಗು ನಿಲ್ಲಿಸಿದಳು. ಕಾಲಿಗೆ ಕಾಲು ಹೆಣೆದುಕೊಂಡು, ಪಕ್ಕದ ಕಂಬವನ್ನು ಬಲವಾಗಿ ಹಿಡಿದುಕೊಂಡಳು. ಮುಖ ಬಿಳಿಚಿತು. ಬೇರೆ ಯಾರೂ ನೋಡಲಿಲ್ಲ. ಶಿವಗಂಗಮ್ಮ ನೋಡಿದಳು. ಆ ಕೂರುವ ರೀತಿ ಆಕೆಗೆ ಚೆನ್ನಾಗಿ ಗೊತ್ತಿತ್ತು.

ಆಕೆ ಮೆಲ್ಲನೆ ಸರಿದು ರೇಣುಕಮ್ಮನ ಪಕ್ಕ ಒತ್ತಿಕೊಂಡು ಕೂತಳು. ತನ್ನ ಹೆಗಲ ಮೇಲಿದ್ದ ಶಾಲನ್ನು ತೆಗೆದು ಆಕೆಯ ಮಡಿಲ ಮೇಲೆ ಹರಡಿದಳು.

"ಕುಂತ್ಕಳ್ರಿ, ಅವಸರ ಇಲ್ಲ. ಎಲ್ರೂ ಹೋಗೋವರೆಗೂ ನಾನೂ ಏಳಲ್ಲ," ಎಂದು ಕಿವಿಯಲ್ಲಿ ಹೇಳಿದಳು. "ಮಂಗಳವಾರ ಬೆಳಿಗ್ಗೆ ಬಸ್ಸಿಗೆ ಬರ್ರಿ. ಜೊತೇಲೇ ಹೋಗಾಣ."